ಗುರುವಾರದ ಗಾಜು

ಗಾಜು ಒರೆಸುವುದನ್ನೇ ಒಂದು ವ್ಯಾಪಾರವಾಗಿ ಮಾಡಬಹುದು ಎಂಬ ಯೋಚನೆ ಮೊದಲು ಬಂದದ್ದು ನನಗೋ ನನ್ನ ಗೆಳೆಯನಿಗೋ, ಈಗ ಹೇಳಲಾರೆ. ನನಗೇ ಎಂದು ಬಹಳ ವರ್ಷ ನಂಬಿದ್ದೆ. ಈಚೆಗೆ ಸಿಕ್ಕಾಗ ಅವನೂ ಅಷ್ಟೇ ಖಚಿತವಾಗಿ ಅದು ತನ್ನದು ಎಂದ. ಇಬ್ಬರೂ ಸುಳ್ಳು ಹೇಳುವವರಲ್ಲ. ಆದ್ದರಿಂದ ಇಲ್ಲಿ ಯಾರ ಮಾತು ಯಾರ ಬಾಯಿಗೆ ಹೋಗಿದೆಯೋ ಗೊತ್ತಿಲ್ಲ.

ಚಿಕ್ಕಬಳ್ಳಾಪುರ ಇನ್ನೂ ಜಿಲ್ಲೆಯಾಗಿರಲಿಲ್ಲ. ಎಂ.ಎ. ಮುಗಿಸಿ ಊರಿಗೆ ಬಂದಿದ್ದ ನಾನು ಟ್ಯುಟೋರಿಯಲ್‌ನಲ್ಲಿ ಪಾಠ ಹೇಳಿ ಅದನ್ನು ಬಿಟ್ಟೆ, ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸಿ ಅದನ್ನೂ ಬಿಟ್ಟೆ; ಯಾವುದೂ ಹಿಡಿಸುತ್ತಿರಲಿಲ್ಲ. ಗೆಳೆಯ ಶಿಡ್ಲಘಟ್ಟದವನು, ಕಾಲೇಜಿನಲ್ಲಿ ನನ್ನ ಜೊತೆ ಓದಿದವನು. ಅವನ ಅಣ್ಣನದು ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಘಟಕ. ಓದು ಮುಗಿದ ಮೇಲೆ ಅವನೂ ಅಲ್ಲೇ ಬಿಸಿನೀರಿನ ತೊಟ್ಟಿಯ ಮುಂದೆ ಕೂತ. ಬೆರಳ ಚರ್ಮ ಬೆಳ್ಳಗಾಗಿ ಸುಲಿಯುತ್ತಿತ್ತು. ಊಟಕ್ಕೆ ಕೂತರೆ ಸಾರು ತಾಗಿ ಉರಿಯುತ್ತಿತ್ತು. ಬೆಂದ ಹುಳುವಿನ ವಾಸನೆ ಅಂಗಿ ಬಿಟ್ಟು ಹೋಗುತ್ತಿರಲಿಲ್ಲ. ಅಲ್ಲಿಂದ ಹೊರಬಿದ್ದರೆ ಸಾಕಾಗಿತ್ತು ಅವನಿಗೆ. ಅಣ್ಣ ಒಪ್ಪಿದ್ದ, ಆದರೆ ಗಡುವು ಇಟ್ಟಿದ್ದ: ರಂಜಾನ್ ಹಬ್ಬದೊಳಗೆ ಹೊಸ ಕೆಲಸ ಕೈಹಿಡಿಯಬೇಕು, ಇಲ್ಲದಿದ್ದರೆ ಮತ್ತೆ ತೊಟ್ಟಿಯ ಮುಂದೆ.

ಆ ವರ್ಷಗಳಲ್ಲಿ ನಮ್ಮ ಕಡೆ ಷಟರ್ ಅಂಗಡಿಗಳು ಒಂದೊಂದಾಗಿ ಗಾಜು ಹಾಕಿಸಿಕೊಳ್ಳುತ್ತಿದ್ದವು. ಮೊಬೈಲ್ ಅಂಗಡಿ, ಚಿನ್ನದ ಅಂಗಡಿ, ನರ್ಸಿಂಗ್ ಹೋಂ. ರಸ್ತೆಯ ಧೂಳು, ಜಲ್ಲಿ ಲಾರಿಗಳ ಧೂಳು ಎಲ್ಲಾ ಅದರ ಮೇಲೆ. ನಾವು ಎರಡು ರಬ್ಬರ್ ವೈಪರ್, ಎರಡು ಬಕೆಟ್ ಕೊಂಡೆವು. ಗೌರಿಬಿದನೂರಿನ ಪೇಂಟರೊಬ್ಬನಿಂದ ಹಳೆಯ ಅಲ್ಯೂಮಿನಿಯಂ ಏಣಿ ಸಿಕ್ಕಿತು. ಅದನ್ನು ಬಸ್ಸಿನ ಮೇಲೆ ಹಾಕುವಾಗ ಕಂಡಕ್ಟರ್, "ಇದಕ್ಕೂ ಟಿಕೆಟ್ ತಗೊಳ್ರಪ್ಪ, ನಿಮ್ಮಿಬ್ರಿಗಿಂತ ಉದ್ದ ಐತೆ" ಎಂದ.

ಮೊದಮೊದಲು ಎಲ್ಲ ಕಡೆ ಒಂದೇ ಉತ್ತರ: "ನಮ್ ಹುಡುಗ್ರೇ ಒರೆಸ್ತಾರೆ ಬಿಡಿ." ಕೊನೆಗೆ ಚಿಕ್ಕಬಳ್ಳಾಪುರದ ಒಂದು ನರ್ಸಿಂಗ್ ಹೋಂನ ಡಾಕ್ಟರು, "ಒಂದ್ಸಲ ಮಾಡಿ ತೋರ್ಸಿ, ಚೆನ್ನಾಗಿದ್ರೆ ತಿಂಗಳಿಗೊಂದ್ಸಲ ಬನ್ನಿ" ಎಂದರು. ಎರಡು ಅಂತಸ್ತಿನ ಗಾಜು. ಊರಿನವರೆಲ್ಲ ಅದರ ಮುಂದೆಯೇ ಓಡಾಡುವುದು. ಇಲ್ಲಿ ಗೆದ್ದರೆ ಬೇರೆಯವರೂ ಕರೆಯುತ್ತಾರೆ ಎಂಬುದು ನಮ್ಮ ಲೆಕ್ಕ.

ಒಂದು ಶುಕ್ರವಾರ ಹೋದೆವು. ಬಾಗಿಲ ಗಾಜಿನ ನಡುವೆ, ಪ್ರಾರಂಭದ ಪೂಜೆಯ ದಿನ ಇಟ್ಟ ವಿಭೂತಿ ಪಟ್ಟೆ, ಅರಿಶಿನ, ಕುಂಕುಮ. ಒಣಗಿ ಗಟ್ಟಿಯಾಗಿ, ಕುಂಕುಮ ಕಂದಿಹೋಗಿತ್ತು.

"ಒರ್ಸು" ಎಂದೆ.

"ನೀನೇ ಒರ್ಸು. ನಿಮ್ ದೇವ್ರು."

"ನಂಗೆ ದೇವ್ರಿಲ್ಲ ಅಂತ ಕಾಲೇಜಿಂದ ಹೇಳ್ತಾನೇ ಇದೀನಿ."

"ಹಂಗಾದ್ರೆ ನಿಂಗೇನ್ ಭಯ, ಒರ್ಸು. ನಾನು ಕೈಹಾಕಿದ್ರೆ ನಾಳೆ ಬೇರೇನೇ ಮಾತಾಗುತ್ತೆ ಕಣೋ."

ನನ್ನ ಕೈಯೂ ಏಳಲಿಲ್ಲ. ವಾಚ್‌ಮನ್‌ನನ್ನು ಕೇಳಿದರೆ, "ನನ್ನ ಕೇಳ್ಬೇಡಿ ಸಾರ್, ನಾನು ಗೇಟ್ ನೋಡ್ಕೊಳ್ಳೋನು" ಎಂದ. ಡಾಕ್ಟರು ರೋಗಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟುಕೊಂಡೇ, "ಏನೋ ಒಂದು ಮಾಡಿ" ಎಂದರು. ಉಳಿದ ಗಾಜನ್ನೆಲ್ಲ ಫಳಫಳ ಮಾಡಿ ಅಷ್ಟು ಜಾಗ ಬಿಟ್ಟೆವು. ಸುತ್ತ ಶುಭ್ರವಾದ ಮೇಲೆ ಆ ಗುರುತು ಬರೀ ಕೊಳೆಯಂತೆ ಕಾಣತೊಡಗಿತು. ಡಾಕ್ಟರು ಬಂದು ನೋಡಿ, "ಮಧ್ಯದಲ್ಲೇ ಬಿಟ್ಟಿದೀರಲ್ರೀ" ಎಂದರು. ಪೂಜೆಯದು ಎಂದಾಗ, "ಆಯ್ತು, ಹೇಳಿ ಕಳಿಸ್ತೀನಿ" ಎಂದರು. ಹೇಳಿ ಕಳಿಸುವುದು ಎಂದರೆ ಏನೆಂದು ಅಷ್ಟರಲ್ಲಿ ನಮಗೆ ಗೊತ್ತಾಗಿತ್ತು. ಗೆಳೆಯ ಬಕೆಟ್ ತೊಳೆದಿಟ್ಟ.

ಏಣಿ ಎತ್ತುವ ಹೊತ್ತಿಗೆ ಹಿಂದಿನ ಮನೆಯಿಂದ ಡಾಕ್ಟರ ತಾಯಿ ಬಂದರು. "ಏನು ನಾಯ್ನಾ, ಇದೊಂದನ್ನ ಯಾಕೆ ಬಿಟ್ರಿ?"

"ನೀವು ಇಟ್ಟಿರೋದು ಅಂತ, ಅಮ್ಮಾ" ಎಂದ ಗೆಳೆಯ.

"ಇಟ್ಟೋಳು ನಾನೇ. ಹಳೇದು ತೆಗೀದಿದ್ರೆ ಹೊಸದು ಎಲ್ಲಿ ಇಡ್ಲಪ್ಪ? ನನ್ ಮಗನ್ನ ಕೇಳಿದ್ರಾ? ಅವನಿಗೆ ಜ್ವರ ಬಿಟ್ರೆ ಇನ್ನೇನ್ ಗೊತ್ತು. ಆದ್ರೆ ಶುಕ್ರವಾರ ತೆಗೀಬಾರ್ದು. ಗುರುವಾರ ಬಂದು ತೊಳ್ಕೊಟ್ಟು ಹೋಗಿ, ಶುಕ್ರವಾರ ಬೆಳಿಗ್ಗೆ ನಾನು ಇಟ್ಕೊಳ್ತೀನಿ. ತಿಂಗಳು ತಿಂಗಳೂ ಬರ್ತೀರಲ್ವಾ?"

ಕೆಲಸ ಸಿಕ್ಕಿತು. ಸುದ್ದಿಯೂ ಹಬ್ಬಿತು. ಎದುರಿನ ಬಟ್ಟೆ ಅಂಗಡಿಯವರು ಕರೆದರು, ಚಿಂತಾಮಣಿಯ ಚಿನ್ನದ ಅಂಗಡಿಯವರು ಕರೆದರು. ಅಂಗಡಿಗಳಿಗೆ ವಾರಕ್ಕೊಮ್ಮೆ ಬೇಕು, ಅದೂ ಎಲ್ಲರಿಗೂ ಗುರುವಾರವೇ. ತೊಳೆದ ಗಾಜಿನ ಮೇಲೆ ಶುಕ್ರವಾರ ಬೆಳಿಗ್ಗೆ ಹೊಸ ಕುಂಕುಮ ಇಡಬೇಕು. ಶಿಡ್ಲಘಟ್ಟದ ಸಾಬರ ಅಂಗಡಿಗಳಲ್ಲಾದರೂ ಬೇರೆ ದಿನ ಸಿಗುತ್ತದೆಂದುಕೊಂಡರೆ, ಅವರಿಗೂ ಶುಕ್ರವಾರದ ಜುಮ್ಮಾ ನಮಾಜಿನ ಹಿಂದಿನ ದಿನವೇ ಆಗಬೇಕು. ಮಂಗಳವಾರದ ಧೂಳಿಗೂ ಗುರುವಾರದ ಧೂಳಿಗೂ ವ್ಯತ್ಯಾಸವಿಲ್ಲ ಎಂದು ನಾನು ವಾದಿಸಿದೆ. ಬಟ್ಟೆ ಅಂಗಡಿಯವರು ಸಮಾಧಾನದಿಂದ ಕೇಳಿಸಿಕೊಂಡು, "ನೀವು ಓದಿದೋರು, ನಿಜ ಇರ್ಬೋದು. ಗುರುವಾರ ಬನ್ನಿ" ಎಂದರು.

ವಾರದಲ್ಲಿ ಉಳಿದ ದಿನವೆಲ್ಲ ಖಾಲಿ. ಗುರುವಾರ ಮಾತ್ರ ಮೂರು ಊರು, ಒಂದು ಏಣಿ. ಉಪವಾಸದ ತಿಂಗಳು ಶುರುವಾಯಿತು. ಹನಿ ನೀರೂ ಕುಡಿಯದೆ ಗೆಳೆಯ ಬಿಸಿಲಿನಲ್ಲಿ ಏಣಿ ಹತ್ತುತ್ತಿದ್ದ. ಒಂದು ಗುರುವಾರ ಕೈವಾರದ ಹತ್ತಿರ ಬಸ್ಸು ಕೆಟ್ಟು ನಿಂತು, ಚಿಂತಾಮಣಿ ಸೇರುವಾಗ ಚಿನ್ನದ ಅಂಗಡಿಯಲ್ಲಿ ದೀಪ ಹಚ್ಚಿಯಾಗಿತ್ತು. "ದೀಪ ಹಚ್ಚಿದ್ಮೇಲೆ ತೊಳೆಯೋದೆಲ್ಲ ಬೇಡ. ನಾಳೆನೂ ಬೇಡ" ಎಂದರು. ಆ ಅಂಗಡಿ ಕೈತಪ್ಪಿತು.

ವಾಪಸ್ಸು ಬರುವಾಗ ಗೆಳೆಯ, "ಹಬ್ಬ ಹತ್ರ ಬಂತು. ಭಾಯ್ ಕೇಳ್ತಾನೆ. ಗುರುವಾರದ ಕೆಲಸ ಅಂತ ಹೇಳ್ಲಾ?" ಎಂದ. ಉಳಿದ ದಿನಗಳಲ್ಲಿ ತೊಳೆಯುವಂಥ, ಯಾರೂ ಪೂಜೆ ಮಾಡದ ಗಾಜು ಎಲ್ಲಿದೆ ಎಂದು ಇಬ್ಬರೂ ಯೋಚಿಸಿದೆವು. ಅದು ಅವನ ಬೀದಿಯಲ್ಲೇ ಇತ್ತು. ನೂಲು ತೆಗೆಯುವ ಘಟಕಗಳ ಕಿಟಕಿಗಳಿಗೆ ಹಬೆ ಹತ್ತಿ ಹತ್ತಿ ಒಂದು ಅಂಟು ಪದರ ಕೂತಿರುತ್ತದೆ; ಹಗಲಲ್ಲೂ ಒಳಗೆ ಬಲ್ಬು. ಇದನ್ನು ಹೇಳಿದವನು ನಾನು ಎಂದು ನನ್ನ ನೆನಪು. ಆದರೆ ಅಲ್ಲಿ ಕೂತು ಕಣ್ಣು ನೋಯಿಸಿಕೊಂಡವನು ಅವನು, ಅವನಿಗೇ ಹೊಳೆದಿರಬೇಕು.

ಮೊದಲು ಅಣ್ಣನ ಘಟಕವನ್ನೇ ಹಿಡಿದೆವು. ಅಂಟು ತಣ್ಣೀರಿಗೆ ಬಿಡಲಿಲ್ಲ, ಸೋಡಾಪುಡಿ ಕಲಸಿದ ಬಿಸಿನೀರೇ ಬೇಕಾಯಿತು. "ನೋಡು, ಬಿಸಿನೀರು ನನ್ನ ಹುಡುಕ್ಕೊಂಡು ಬಂತು" ಎಂದು ಗೆಳೆಯ ನಕ್ಕ. ಅವನು ಹೊರಗೆ ಏಣಿಯ ಮೇಲೆ, ನಾನು ಒಳಗೆ. ಎರಡನೆಯ ಕಿಟಕಿ ಮುಗಿಯುವಷ್ಟರಲ್ಲಿ ನೂಲು ತೆಗೆಯುತ್ತಿದ್ದ ಹೆಂಗಸೊಬ್ಬಳು ಎದ್ದು ಬಲ್ಬು ಆರಿಸಿದಳು. "ಈಗ ಎಳೆ ಕಾಣ್ತೈತೆ" ಎಂದಳು, ನಮಗಲ್ಲ, ಪಕ್ಕದವಳಿಗೆ. ಅಣ್ಣ ಸ್ವಲ್ಪ ಹೊತ್ತು ನಿಂತು ನೋಡಿ ಪಕ್ಕದ ಘಟಕದವರನ್ನು ಕರೆದುಕೊಂಡು ಬಂದ.

ಸೋಮವಾರದಿಂದ ಬುಧವಾರದವರೆಗೆ ಆ ಬೀದಿ, ಗುರುವಾರ ಅಂಗಡಿಗಳು. ಒಬ್ಬನಿಗೆ ಸಾಕಾಗುವಷ್ಟು ಕೆಲಸ, ಇಬ್ಬರಿಗೆ ಸಾಲದು. ಏಣಿಯನ್ನು ಶಿಡ್ಲಘಟ್ಟದಲ್ಲೇ ಬಿಟ್ಟು ಬಂದೆ. ಅವನಿಗಾಗಿ ಬಿಟ್ಟುಕೊಟ್ಟೆ ಎಂದು ಬಹಳ ದಿನ ಹೇಳಿಕೊಂಡಿದ್ದೇನೆ. "ನಿಂಗೆ ಬೇಜಾರಾಗಿತ್ತು ಕಣೋ, ಹೋದೆ" ಎನ್ನುತ್ತಾನೆ ಅವನು. ಅದೂ ಇರಬಹುದು.

ಹಬ್ಬದ ದಿನ ಅವನ ಮನೆಗೆ ಊಟಕ್ಕೆ ಹೋದೆ. ಅಣ್ಣನೇ ನಿಂತು ಬಡಿಸಿದ. ಮಳೆಯ ಮಾತಾಯಿತು, ಗೂಡಿನ ಮಾರುಕಟ್ಟೆಯ ಮಾತಾಯಿತು. ಗಡುವಿನ ಮಾತನ್ನು ಯಾರೂ ಎತ್ತಲಿಲ್ಲ.