ಶಟರ್ ಹಾಕಿದ ಅಂಗಡಿ

ಮಗಳಿಗೆ ಕಾಲೇಜು ಸೇರಲು ಒಂದು ಪರೀಕ್ಷೆ ಇದೆ, ಅದರಲ್ಲಿ ಲಾಜಿಕಲ್ ರೀಸನಿಂಗ್ ಎಂದೊಂದು ಭಾಗ. ಮೊನ್ನೆ ಶನಿವಾರ ಇಲ್ಲಿ ಗಲ್ಫಿನಲ್ಲಿ, ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಫ್ಲ್ಯಾಟಿನಲ್ಲಿ ಪುಸ್ತಕ ಹರಡಿಕೊಂಡು ಕುಳಿತವಳು ನನಗೂ ಒಂದು ಪ್ರಶ್ನೆ ಎಸೆದಳು. ‘ಅಂಗಡಿಯ ಶಟರ್ ಹಾಕಿದೆ. ಆದ್ದರಿಂದ ಅಂಗಡಿಯವನು ಮನೆಗೆ ಹೋಗಿದ್ದಾನೆ.’ ಇದರಲ್ಲಿ ಬಾಯಿಬಿಟ್ಟು ಹೇಳದ ನಂಬಿಕೆ ಯಾವುದು?

“ಹೇಳ್ಲಿಕ್ಕೆ ಎಂಥ ಉಂಟು ಇದ್ರಲ್ಲಿ? ಹೋಗಿದ್ದಾನೆ, ಖಲಾಸ್,” ಎಂದೆ. ಮುಸಫ್ಫಾದ ವರ್ಕ್‌ಶಾಪಿನಲ್ಲಿ ಇಪ್ಪತ್ತು ವರ್ಷ ಫೋರ್‌ಮನ್ ಆಗಿದ್ದವನಿಗೆ ಎಲ್ಲದಕ್ಕೂ ಥಟ್ಟನೆ ಉತ್ತರ ಕೊಡುವ ಚಟ.

“ನೋ ಪಪ್ಪಾ. ಶಟರ್ ಹಾಕಿದ್ರೆ ಒಳಗೆ ಯಾರೂ ಇಲ್ಲ ಅಂತ ನೀವು ಅಸ್ಯೂಮ್ ಮಾಡಿದ್ರಿ. ಉಲ್ಟಾ ಮಾಡಿ ನೋಡಿ. ಒಳಗೇ ಇದ್ರೆ? ಫುಲ್ ಆರ್ಗ್ಯುಮೆಂಟ್ ಬಿದ್ದುಹೋಯ್ತು.”

ನಿಜ. ನಮ್ಮ ಕೆಳಗಿನ ಗ್ರೋಸರಿಯವನೇ ಮಧ್ಯಾಹ್ನ ಶಟರ್ ಎಳೆದು ಒಳಗೆ ಕುಳಿತು ಊಟ ಮಾಡುತ್ತಾನೆ. ಮಗಳು ಮುಂದಿನ ಪ್ರಶ್ನೆಗೆ ಹೋದಳು. ನನಗೆ ಅಲ್ಲಿಂದ ಏಳಲಾಗಲಿಲ್ಲ.

ಗಲ್ಫಿನಲ್ಲಿರುವ ನಮ್ಮ ಕರಾವಳಿಯವರಲ್ಲಿ ಒಂದು ಕ್ರಮವಿದೆ. ಊರಿನಲ್ಲಿ ಹತ್ತಿರದವರು ತೀರಿಕೊಂಡರೆ ಫೋನಿನಲ್ಲಿ ಹಾಗೆಂದು ಹೇಳುವುದಿಲ್ಲ. ಒಬ್ಬನೇ ವಿಮಾನ ಹತ್ತಬೇಕಾದವನು ದಾರಿಯಲ್ಲಿ ಕುಸಿಯಬಾರದೆಂದು ‘ಸ್ವಲ್ಪ ಸೀರಿಯಸ್, ಒಮ್ಮೆ ಬಂದು ಹೋಗು’ ಎನ್ನುತ್ತಾರೆ. ಬೆಕ್ಕಿಗೆ ಗಂಟೆ ಕಟ್ಟುವ ಈ ಕೆಲಸ ನಮ್ಮ ಕೆಲಸದವರ ಕ್ಯಾಂಪಿನಲ್ಲಿ ಯಾವಾಗಲೂ ನನ್ನ ಪಾಲಿಗೇ. ಕೇಳಿದವನಿಗೂ ಅರ್ಥವಾಗಿರುತ್ತದೆ, ಆದರೆ ಕೆದಕುವುದಿಲ್ಲ. ಹೇಳುವವನಿಂದ ಇನ್ನಷ್ಟು ಸುಳ್ಳು ಹೇಳಿಸುವುದೇಕೆ?

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ವರ್ಕ್‌ಶಾಪಿನಲ್ಲಿದ್ದಾಗ ಭಾವನ ಫೋನ್ ಬಂತು. “ಅಕ್ಕನಿಗೆ ಸ್ವಲ್ಪ ಸೀರಿಯಸ್ ಉಂಟು ಮಾರಾಯ. ಒಮ್ಮೆ ಬಂದು ಹೋಗು.”

ಅಮ್ಮನಿಲ್ಲದ ನನ್ನನ್ನು ಉಣಿಸಿ ಬೆಳೆಸಿದವಳು ಅಕ್ಕ. ಪೈಪುಗಳ ರಾಶಿಯ ಮೇಲೆ ಕುಳಿತು, ಕೆಲಸದವರೆದುರೇ ಅತ್ತೆ. ಆಮೇಲೆ ಬುದ್ಧಿ ಓಡಿಸಿದೆ. ಮುಗಿದೇ ಹೋಗಿದೆ, ಇನ್ನು ಅವಸರಪಟ್ಟು ಏನು ಮಾಡುವುದು, ನಾನು ಮುಟ್ಟುವ ತನಕ ದೇಹ ಹೇಗೂ ಇಡುತ್ತಾರೆ. ಆ ಮಧ್ಯಾಹ್ನದ ವಿಮಾನದಲ್ಲಿ ಒಂದೇ ಸೀಟು ಸಿಗುತ್ತಿತ್ತು. ಬಿಟ್ಟೆ. ಹೆಂಡತಿ, ಮಗಳನ್ನೂ ಕರೆದುಕೊಂಡು ಹೋಗೋಣವೆಂದು ಮರುದಿನಕ್ಕೆ ಟಿಕೆಟ್ ಮಾಡಿಸಿದೆ.

ಸಂಜೆ ಭಾವ ಮತ್ತೆ ಫೋನ್ ಮಾಡಿದರು. “ಹೊರಟಿಯಾ?”

“ನಾಳೆ, ಭಾವ.”

ಅವರು “ಆಯ್ತು” ಎಂದರು. ಅಕ್ಕನಿಗೆ ಫೋನ್ ಕೊಡಿ ಎಂದು ನಾನು ಕೇಳಲಿಲ್ಲ. ಪಾಪ, ಅವರನ್ನು ಯಾಕೆ ಪೇಚಿಗೆ ಸಿಕ್ಕಿಸಬೇಕು ಎಂದುಕೊಂಡೆ. ನನ್ನ ಈ ಒಳ್ಳೆಯತನವನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮರುದಿನ ಮನೆ ಮುಟ್ಟಿದಾಗ ಅಕ್ಕ ತೀರಿಕೊಂಡು ನಾಲ್ಕು ಗಂಟೆಯಾಗಿತ್ತು, ಅಷ್ಟೆ. ಭಾವ ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದ್ದರು. ನನ್ನನ್ನು ಬದಿಗೆ ಕರೆದು ಮೆಲ್ಲಗೆ ಅಂದರು: “ನಿನ್ನೆ ಇಡೀ ಎಚ್ಚರ ಇತ್ತು ಅವಳಿಗೆ. ಸಂಜೆ ನಿನಗೆ ಫೋನ್ ಮಾಡ್ಲಿಕ್ಕೆ ಹೇಳಿದ್ದೇ ಅವಳು. ಅಕ್ಕನಿಗೆ ಫೋನ್ ಕೊಡಿ ಅಂತ ನೀನು ಕೇಳ್ತಿ ಎಂದು ಹತ್ರವೇ ಕೈ ಚಾಚಿ ಮಲಗಿದ್ದಳು.”