ಬಾಗಿಲಿಟ್ಟ ಬುಟ್ಟಿಗಳು

ಕೆಂಪಮ್ಮನ ಬುಟ್ಟಿಗಳಲ್ಲಿ ರಾಗಿ ನಿಲ್ಲುತ್ತಿರಲಿಲ್ಲ. ಪ್ರತಿಯೊಂದರ ಹೊಟ್ಟೆಯಲ್ಲೂ ಅಂಗೈಯಗಲದ ಬಾಗಿಲು. "ಇದರಲ್ಲಿ ಏನು ತುಂಬೋದು?" ಎಂದರೆ, ಬಿದಿರಿನ ಸೀಳನ್ನು ಹಲ್ಲಲ್ಲಿ ಕಚ್ಚಿಕೊಂಡೇ, "ತುಂಬಕ್ಕಲ್ಲ ಕಣವ್ವ, ಇರಕ್ಕೆ. ಹೆಣ್ದೆವ್ವಕ್ಕೂ ಒಂದ್ ಮನೆ ಬ್ಯಾಡ್ವಾ?" ಎನ್ನುತ್ತಿದ್ದಳು.

ಮಕ್ಕಳೇ, ಹುಟ್ಟಿದ ಕೂಸನ್ನು ಹೊಸ ಮೊರದಲ್ಲಿ ಮಲಗಿಸುವುದು ನಮ್ಮ ಪದ್ಧತಿ. ಚಿನಕುರಳಿಯಲ್ಲಿ ಆ ಮೊರಗಳೆಲ್ಲ ಕೆಂಪಮ್ಮನ ಕೈಯವೇ. ಅವಳ ಒಬ್ಬಳೇ ಮಗಳು ಹೆರಿಗೆಯಲ್ಲಿ ಕೂಸಿನೊಂದಿಗೆ ತೀರಿಕೊಂಡಳು. ಅವಳು ದೆವ್ವವಾಗಿ ನಾಲೆಯ ಏರಿಯ ಮೇಲೆ ಅಳುತ್ತಾಳೆಂದು ಸುದ್ದಿ ಹಬ್ಬಿತು. ಕೆಂಪಮ್ಮನ ಮೊರ ಕೊಳ್ಳುವವರೇ ಇಲ್ಲವಾದರು. ದೆವ್ವ ಓದಿಕೊಂಡು ಹಿಂದಿರುಗಲಿ ಎಂದು ಮನೆಮನೆಯ ಬಾಗಿಲಲ್ಲೂ ಸುಣ್ಣದಿಂದ 'ನಾಳೆ ಬಾ' ಎಂದು ಬರೆದರು. ತೊಂಬತ್ತರ ದಶಕದ ಮಾತಿದು.

"ನನ್ ಮಗ್ಳಿಗೆ ಓದಕ್ಕೆಲ್ಲವ್ವ ಬತ್ತಿತ್ತು?" ಎಂದು ಕೆಂಪಮ್ಮ ನಕ್ಕಳು, ಕಣ್ಣೊರೆಸಿಕೊಂಡಳು. "ನೀವು ನಾಳೆ ಬಾ ಅನ್ನಿ. ನಾನು ಇವತ್ತೇ ಬಾ ಅಂತೀನಿ." ಬಾಗಿಲಿನ ಬುಟ್ಟಿಗಳು ಶುರುವಾದದ್ದು ಆಗ.

ಶ್ರೀರಂಗಪಟ್ಟಣದಲ್ಲಿ ಕಲಾಪ್ರದರ್ಶನ ನಡೆಸುತ್ತಿದ್ದ ಮೇಡಮ್ಮೊಬ್ಬರು ಆ ಬುಟ್ಟಿಗಳನ್ನು ಹುಡುಕಿಕೊಂಡು ಬಂದರು. ಅವರು ಜಪಾನಿನ ಒಂದು ದೆವ್ವದ ಕಥೆ ಹೇಳಿದರು. ಸತ್ತ ತಾಯಿಯೊಬ್ಬಳು ತನ್ನ ಕೂಸಿಗಾಗಿ ದಿನವೂ ಮಿಠಾಯಿ ಕೊಳ್ಳಲು ಬರುತ್ತಿದ್ದಳಂತೆ. ಅಂಗಡಿಯವನು ಅವಳ ಹಿಂದೆಯೇ ಹೋಗಿ, ಗೋರಿಯ ಬಳಿ ಅಳುತ್ತಿದ್ದ ಕೂಸನ್ನು ಎತ್ತಿಕೊಂಡನಂತೆ.

ಕೆಂಪಮ್ಮನ ಕೈ ನಿಂತಿತು. "ಎದ್ರುಕೊಂಡು ಓಡ್ನಿಲ್ವಾ? ದೊಡ್ಡೋನು ಬುಡವ್ವ ಅವ್ನು!"

ಆ ತಾಯಿಗೂ ಒಂದು ಬುಟ್ಟಿ ಹೆಣೆದಳು. ಒಳಗೆ ಮಡಿಲಿನಂಥ ಪುಟ್ಟ ಜೋಳಿಗೆ, ಅದರಲ್ಲೊಂದು ಕಡ್ಲೆ ಮಿಠಾಯಿ. ಪ್ರದರ್ಶನದಲ್ಲಿ ಜನ ಅದರ ಮುಂದೆಯೇ ಹೆಚ್ಚು ಹೊತ್ತು ನಿಂತರು. ಆದರೆ ಊರಲ್ಲಿ ಮಾತ್ರ ಅವಳ ಮೊರ ಯಾರಿಗೂ ಬೇಡವಾಗಿಯೇ ಇತ್ತು.

ಅಷ್ಟರಲ್ಲಿ ನನ್ನ ಮಗಳು ಬಾಣಂತನಕ್ಕೆ ಬಂದಳು. ನಿಮ್ಮ ತಾತ ಹೋದ ಮೇಲೆ, ವಿಧವೆ ಅಪಶಕುನ ಎಂದಾರೆಂದು, ನಾನು ಯಾರ ಮನೆಗೂ ಹೋಗಿರಲಿಲ್ಲ. ಆದರೂ ಧೈರ್ಯ ಮಾಡಿ ಕೆಂಪಮ್ಮನ ಹಟ್ಟಿಗೆ ಹೋದೆ. "ಕೆಂಪಮ್ಮ, ನಮ್ಮ ಕೂಸಿಗೆ ಮೊರ ಬೇಕು."

ಅವಳು ಕೈಯಲ್ಲಿದ್ದ ಬಿದಿರಿನ ಸೀಳನ್ನು ಕೆಳಗಿಟ್ಟಳು. "ಬಾಗ್ಲಿಲ್ದಂಗೆ ತಾನೇ?"

ಮೊರ ತಂದವಳು ನಮ್ಮ ಹೊಸ್ತಿಲಾಚೆಯೇ ನಿಂತುಬಿಟ್ಟಳು. ಸುಣ್ಣದ ಬರಹ ನಮ್ಮ ಬಾಗಿಲಲ್ಲೂ ಇತ್ತು. ನಾನು ಸೆರಗಿನಿಂದ ಅದನ್ನು ಒರೆಸಿದೆ. "ಒಳಕ್ಕೆ ಬಾ" ಎಂದೆ.

ನಿಮ್ಮಲ್ಲಿ ದೊಡ್ಡವನು ಮೊದಲು ಮಲಗಿದ್ದು ಆ ಮೊರದಲ್ಲಿ. ಅವನು ಗಟ್ಟಿಮುಟ್ಟಾಗಿ ಬೆಳೆಯುವುದನ್ನು ಕಂಡು ಊರವರೂ ಒಬ್ಬೊಬ್ಬರಾಗಿ ಮೊರ ಕೇಳಿಕೊಂಡು ಅವಳ ಹಟ್ಟಿಗೆ ಹೋದರು.

ಕೆಂಪಮ್ಮ ಈಗಿಲ್ಲ. ಅವಳ ಒಂದು ಬುಟ್ಟಿ ನನ್ನ ಕಿಟಕಿಯಲ್ಲಿದೆ. ಸಂಜೆ ಅದರೊಳಗೊಂದು ಕಡ್ಲೆ ಮಿಠಾಯಿ ಇಡುತ್ತೇನೆ, ಬೆಳಿಗ್ಗೆ ಅದು ಇರುವುದಿಲ್ಲ. ತಿನ್ನುವವರು ನೀವೇ ಎಂದು ನನಗೆ ಗೊತ್ತು. ಆದರೂ ಇಡುತ್ತೇನೆ.