ಕುಂಡದ ಸಾಹೇಬರು

ಹಳೆಯ ಎಣ್ಣೆ ಡಿಪೋದ ಕಪ್ಪು ನೆಲವನ್ನು ಗಿಡ, ಬ್ಯಾಕ್ಟೀರಿಯಾಗಳಿಂದ ಶುದ್ಧಗೊಳಿಸಲು ಬಂದ ನಮ್ಮ ವಿಜ್ಞಾನಿ ಸಾಹೇಬರಿಗೆ ಬಾಯೇ ಬಂಡವಾಳ. “ನಮ್ಮ ಬ್ಯಾಕ್ಟೀರಿಯಾ ರಜೆ ಕೇಳಲ್ಲ, ಎಣ್ಣೆ ತಿನ್ನೋದೊಂದೇ ಕೆಲಸ” ಎಂದು ಸಿಕ್ಕವರಿಗೆಲ್ಲ ಕೊರೆಯುತ್ತಾರೆ. ಅವು ಎಣ್ಣೆ ತಿಂದದ್ದನ್ನು ಕಂಡವರಿಲ್ಲ. ಇವರು ತಲೆ ತಿನ್ನುವುದನ್ನಂತೂ ದಿನವೂ ಕಾಣುತ್ತಿದ್ದೇವೆ. ನೆಟ್ಟ ಹುಲ್ಲೆಲ್ಲ ಒಣಗಿದ್ದರೇನಂತೆ, ತಪಾಸಣೆಯವರು ಬರುವ ದಿನ ನರ್ಸರಿಯ ಹುಲ್ಲನ್ನು ಕುಂಡಸಮೇತ ಹೂಳಿಸಿ, “ನೋಡಿ ಸಾರ್, ಹೇಗೆ ಹಬ್ಬಿದೆ!” ಎಂದು ಎದೆಯುಬ್ಬಿಸುತ್ತಾರೆ. ತಪಾಸಣೆಯವರ ಕಾರು ಗೇಟು ದಾಟಿತೋ ಇಲ್ಲವೋ, ಕುಂಡಗಳು ವಾಪಸ್ಸು. ಆದರೆ ಬೇಲಿಯ ಮೂಲೆಯ ಕಪ್ಪು ಮಣ್ಣಿನಲ್ಲಿ ನಿಜವಾಗಿಯೂ ಬೇರುಬಿಟ್ಟ ಹುಲ್ಲು ಒಂದು ಹಿಡಿಯಷ್ಟಿದೆ. ತಪಾಸಣೆಯ ದಿನ ಸಾಹೇಬರು ಅದಕ್ಕೆ ಬುಟ್ಟಿ ಕವುಚುತ್ತಾರೆ. “ಇದನ್ನೇ ತೋರಿಸಬಾರದಾ ಸಾರ್?” ಎಂದು ಮಾಲಿ ಕೇಳಿದರೆ, ಆ ವಿಜ್ಞಾನಿ ಪಿಸುಗುಡುತ್ತಾರೆ: “ಸುಮ್ನಿರಯ್ಯ, ದೃಷ್ಟಿ ಆಗುತ್ತೆ.”